ಕಿವಿ ಕಟ್ಟಿದೆ ಅಂತ ಸುಮ್ನೆ ಕೂತ ಐದು ದಿನ

ಒಂದು ಕಿವಿ ಇದ್ದಕ್ಕಿದ್ದ ಹಾಗೆ ಕೇಳದಾದ ಮೇಲೂ ನಾನು ಐದು ದಿನ ಕಾದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆಮ್ಲಜನಕದ ಕೋಣೆ, ಸ್ಟೀರಾಯ್ಡ್, ಆಡಿಯೋಗ್ರಾಮ್ ಅಂತ ಏನೇನೋ ಬರುತ್ತದೆ. ಅದರಲ್ಲಿ ಅರ್ಧ ನೀವು ಮರೆತರೂ ಚಿಂತೆಯಿಲ್ಲ. ಈ ಐದು ದಿನದ ಮಾತೊಂದು ನೆನಪಿರಲಿ.

ಬೆಳಿಗ್ಗೆ ಎದ್ದಾಗ ಎಡಗಿವಿಗೆ ಹತ್ತಿ ತುರುಕಿದ ಹಾಗಿತ್ತು. ನೋವಿಲ್ಲ. ಸೋರುತ್ತಿಲ್ಲ. ಜ್ವರವೂ ಇಲ್ಲ. ಹಿಂದಿನ ವಾರ ನೆಗಡಿಯಾಗಿತ್ತು, ಅದಕ್ಕೇ ಕಿವಿ ಕಟ್ಟಿರಬೇಕು ಅಂದುಕೊಂಡೆ. ಮಧ್ಯಾಹ್ನ ಫೋನ್ ಬಂತು. ಅಭ್ಯಾಸದ ಮೇಲೆ ಎಡಗಿವಿಗೆ ಹಿಡಿದೆ, ಏನೂ ಕೇಳಲಿಲ್ಲ, ಲೈನ್ ಹೋಯಿತು ಅಂತ ಇಟ್ಟುಬಿಟ್ಟೆ. ಮತ್ತೆ ಬಂತು, ಮತ್ತೆ ಇಟ್ಟೆ. ಮೂರನೇ ಸಲ ಯಾಕೋ ಬಲಗಿವಿಗೆ ಹಿಡಿದೆ. ಆ ಕಡೆಯಿಂದ ಅಕ್ಕ, "ಏನಾಯ್ತೋ ನಿನಗೆ, ಮಾತಾಡ್ತಾ ಇದ್ದ ಹಾಗೇ ಕಟ್ ಮಾಡ್ತೀಯಲ್ಲ!" ಅಂತ ಬಯ್ಯುತ್ತಿದ್ದಳು.

ಆಗಲೂ ನನಗೆ ಹೊಳೆಯಲಿಲ್ಲ ನೋಡಿ.

ಮರುದಿನ ಒಬ್ಬ ಡಾಕ್ಟರ್ ಹತ್ತಿರ ಹೋದೆ. ಕಿವಿಯೊಳಗೆ ಲೈಟ್ ಬಿಟ್ಟು ನೋಡಿದರು, ಸ್ವಲ್ಪ ಗುಗ್ಗೆ ಇದೆ, ನೆಗಡಿಯದ್ದೂ ಇರಬಹುದು ಅಂದರು, ಹನಿ ಹಾಕಲು ಕೊಟ್ಟು ವಾರ ಬಿಟ್ಟು ಬನ್ನಿ ಅಂದರು. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ಹನಿ ಹಾಕಿಕೊಂಡು ಕೂತೆ. ಐದನೇ ದಿನ ರಾತ್ರಿ ಮಲಗಿ ಬಲಕ್ಕೆ ಹೊರಳಿದೆ, ಬಲಗಿವಿ ದಿಂಬಿಗೆ ಒತ್ತಿತು. ತಕ್ಷಣ ಫ್ಯಾನಿನ ಸದ್ದು ನಿಂತಿತು. ಗಡಿಯಾರದ ಟಿಕ್ ಟಿಕ್ ನಿಂತಿತು. ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡುತ್ತಿದ್ದರು, ಅದೂ ನಿಂತಿತು. ಉಳಿದಿದ್ದು ತಲೆಯೊಳಗೆ ಗುಂಯ್ ಅನ್ನುವ ಒಂದೇ ಸದ್ದು. ತಲೆ ಎತ್ತಿದರೆ ಫ್ಯಾನ್ ತಿರುಗುತ್ತಿದೆ, ದಿಂಬಿಗೆ ಇಟ್ಟರೆ ಇಲ್ಲ. ನಾಲ್ಕೈದು ಸಲ ಹಾಗೇ ಮಾಡಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಆರನೇ ದಿನ ಇಎನ್‌ಟಿ ಡಾಕ್ಟರ್ ನನ್ನ ಕಥೆ ಪೂರ್ತಿ ಕೇಳುವ ಮೊದಲೇ, "ಬಾಯಿ ಮುಚ್ಚಿಕೊಂಡು ಮ್ಮ್ಮ್ ಅಂತ ಗುನುಗಿ. ಯಾವ ಕಿವಿಯಲ್ಲಿ ಜೋರಾಗಿ ಕೇಳುತ್ತೆ?" ಅಂದರು. ಬಲಗಡೆ, ಚೆನ್ನಾಗಿರುವ ಕಿವಿಯಲ್ಲಿ, ಅಂದೆ. ಟ್ಯೂನಿಂಗ್ ಫೋರ್ಕ್ ತಟ್ಟಿ ಹಣೆಯ ನಡುವೆ ಇಟ್ಟರು. ಆ ಸದ್ದೂ ಬಲಕ್ಕೇ ಹೋಯಿತು. "ಎಷ್ಟು ದಿನ ಆಯ್ತು?" ಅಂತ ಕೇಳಿದರು, ಹೇಳಿದೆ. ಅವರು ಮತ್ತೇನೂ ಕೇಳದೆ ನನ್ನನ್ನು ಆಡಿಯೋಗ್ರಾಮ್‌ಗೆ, ಅಂದರೆ ಯಾವ ಕಿವಿಗೆ ಎಷ್ಟು ಕೇಳುತ್ತದೆ ಅಂತ ಅಳೆಯುವ ಪರೀಕ್ಷೆಗೆ, ಕಳಿಸಿದರು.

ಈ ಗುನುಗುವ ಪರೀಕ್ಷೆಯನ್ನು ನೀವು ಈಗಲೇ ಕೂತಲ್ಲೇ ಮಾಡಿ ನೋಡಬಹುದು. ಒಂದು ಕಿವಿಗೆ ಬೆರಳಿಟ್ಟು ಗುನುಗಿ. ಮುಚ್ಚಿದ ಕಿವಿಯಲ್ಲೇ ಸದ್ದು ಜಾಸ್ತಿ ಕೇಳುತ್ತದೆ, ಅಲ್ವಾ? ಗುಗ್ಗೆ ತುಂಬಿದ್ದರೂ, ನೆಗಡಿಯಿಂದ ಕಿವಿಯ ತಮಟೆಯ ಹಿಂದೆ ನೀರು ನಿಂತಿದ್ದರೂ ಹಾಗೇ ಆಗುತ್ತದೆ. ಹೊರಗಿನ ಸದ್ದಿನ ದಾರಿ ಕಟ್ಟಿದೆ, ಒಳಕಿವಿ ಸರಿಯಾಗಿದೆ, ಹಾಗಾಗಿ ತಲೆಬುರುಡೆಯ ಮೂಳೆಯ ಮೂಲಕ ಬಂದ ಸದ್ದು ಆ ಕಡೆಯೇ ಜೋರಾಗುತ್ತದೆ. ಆದರೆ ಕಟ್ಟಿದ ಹಾಗೆ ಅನ್ನಿಸುವ ಕಿವಿಯನ್ನು ಬಿಟ್ಟು ಒಳ್ಳೆಯ ಕಿವಿಗೆ ಸದ್ದು ಹೋದರೆ ತೊಂದರೆ ಇರುವುದು ದಾರಿಯಲ್ಲಲ್ಲ, ಒಳಕಿವಿಯಲ್ಲಿ ಅಥವಾ ನರದಲ್ಲಿ. ಇದು ಪಕ್ಕಾ ಪರೀಕ್ಷೆಯೇನಲ್ಲ, ಆಡಿಯೋಗ್ರಾಮ್‌ನ ಜಾಗಕ್ಕೆ ಬರುವುದೂ ಇಲ್ಲ. ಆದರೆ ಮೊದಲ ದಿನ ನನಗೆ ಇದು ಗೊತ್ತಿದ್ದಿದ್ದರೆ ಹನಿ ಹಾಕಿಕೊಂಡು ಕೂರುತ್ತಿರಲಿಲ್ಲ.

ಆಡಿಯೋಗ್ರಾಮ್ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಡೆಸಿಬೆಲ್ ಸಂಖ್ಯೆ ದೊಡ್ಡದಾದಷ್ಟೂ ಕೇಳುವಿಕೆ ಕಡಿಮೆ ಅಂತ ಅರ್ಥ. ಬಲಗಿವಿಯ ಗೆರೆ ಮೇಲೆ, 15 ಡೆಸಿಬೆಲ್ ಆಸುಪಾಸಿನಲ್ಲಿ ನೆಟ್ಟಗೆ ಹೋಗಿದೆ. ಎಡಗಿವಿಯದ್ದು 250 ಹರ್ಟ್ಸ್‌ನಲ್ಲಿ 60ಕ್ಕೆ ಶುರುವಾಗಿ, 1000ದಲ್ಲಿ 75ಕ್ಕೆ ಇಳಿದು, 4000ದಲ್ಲಿ 85ಕ್ಕೆ ಹೋಗಿ ನಿಂತಿದೆ. ಅಂದರೆ ಎದುರಿಗೆ ಕೂತು ಸಾಮಾನ್ಯವಾಗಿ ಮಾತಾಡಿದರೆ ಆ ಕಿವಿಗೆ ಅದು ಮುಟ್ಟುವುದೇ ಇಲ್ಲ. ಪಕ್ಕಪಕ್ಕದ ಮೂರು ಸ್ವರಮಟ್ಟಗಳಲ್ಲಿ 30 ಡೆಸಿಬೆಲ್ ಅಥವಾ ಅದಕ್ಕಿಂತ ಜಾಸ್ತಿ, 72 ಗಂಟೆಯೊಳಗೆ ಕೇಳುವಿಕೆ ಬಿದ್ದುಹೋದರೆ ಅದಕ್ಕೆ ಹಠಾತ್ ಶ್ರವಣ ನಷ್ಟ ಅನ್ನುತ್ತಾರೆ. ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ 5ರಿಂದ 27 ಜನರಿಗೆ ಆಗುತ್ತದೆ. ಸಾಮಾನ್ಯವಾಗಿ ಒಂದೇ ಕಿವಿ, ಎಷ್ಟೋ ಜನರಿಗೆ ಬೆಳಿಗ್ಗೆ ಎದ್ದಾಗಲೇ ಗೊತ್ತಾಗುವುದು. ಕಿವಿ ತುಂಬಿದ ಹಾಗೆ ಇರುತ್ತದೆ, ಗುಂಯ್ ಅನ್ನುತ್ತದೆ, ಕೆಲವರಿಗೆ ತಲೆಯೂ ತಿರುಗುತ್ತದೆ.

ಯಾಕೆ ಹೀಗಾಗುತ್ತದೆ ಅನ್ನುವುದಕ್ಕೆ ಹತ್ತರಲ್ಲಿ ಒಂಬತ್ತು ಜನರಿಗೆ ಕಾರಣವೇ ಸಿಗುವುದಿಲ್ಲ. ವೈರಸ್ ಇರಬಹುದು, ಒಳಕಿವಿಗೆ ಹೋಗುವ ರಕ್ತ ನಿಂತಿರಬಹುದು, ದೇಹ ತನ್ನ ಮೇಲೇ ತಿರುಗಿಬಿದ್ದಿರಬಹುದು. ನನಗೂ ಕಾರಣ ಸಿಗಲಿಲ್ಲ. ಕೇಳುವ ನರದ ಮೇಲೆ ಗಡ್ಡೆ ಏನಾದರೂ ಇದೆಯೇ ಅಂತ ಎಂಆರ್‌ಐ ಮಾಡಿಸಿದರು, ಇರಲಿಲ್ಲ. ಈ ಪರೀಕ್ಷೆ ಬಿಡಬೇಡಿ. ಸಣ್ಣ ಸಂಖ್ಯೆಯ ಜನರಲ್ಲಿ ಅಂಥ ಗಡ್ಡೆ ಸಿಗುತ್ತದೆ.

ಇದಕ್ಕೆ ಸ್ಟೀರಾಯ್ಡ್ ಜೊತೆಗೆ, ಒತ್ತಡದ ಕೋಣೆಯಲ್ಲಿ ಕೂರಿಸಿ ಶುದ್ಧ ಆಮ್ಲಜನಕ ಕೊಡುವ ಹೈಪರ್‌ಬ್ಯಾರಿಕ್ ಚಿಕಿತ್ಸೆಯೂ ಇದೆ. ಆಮ್ಲಜನಕದ ಮಾತು ಎಲ್ಲಿಂದ ಬಂತು ಅಂದರೆ, ಒಳಕಿವಿಯ ರಚನೆಯಿಂದಲೇ. ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕಾಕ್ಲಿಯಾ ಅನ್ನುವ ಪುಟ್ಟ ಅಂಗ, ಅದರೊಳಗೆ ಸುಮಾರು 15,000 ರೋಮಕೋಶಗಳು. ಸದ್ದಿನ ಅಲುಗಾಟವನ್ನು ನರದ ಸಂಕೇತವಾಗಿ ಬದಲಾಯಿಸುವುದು ಇವೇ. ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸದಾ ಕೆಲಸ ಮಾಡುವ ಜಾಗ, ಆಮ್ಲಜನಕ ಬಹಳ ಬೇಕು, ಆದರೆ ಅಲ್ಲಿಗೆ ರಕ್ತ ತರುವುದು ಕೂದಲೆಳೆಯಂಥ ಒಂದೇ ಒಂದು ನಾಳ. ಅದು ಕಟ್ಟಿದರೆ ಬಳಸಿಕೊಂಡು ಬರಲು ಇನ್ನೊಂದು ದಾರಿ ಇಲ್ಲ. ರಕ್ತ ನಿಂತದ್ದೇ ಕಾರಣವಾಗಿರಲಿ, ವೈರಸ್‌ನಿಂದ ಊದಿಕೊಂಡಿರಲಿ, ಕೊನೆಗೆ ಆ ಕೋಶಗಳು ಉಸಿರು ಕಟ್ಟಿ ಒದ್ದಾಡುತ್ತವೆ ಅನ್ನುವುದು ಈ ಚಿಕಿತ್ಸೆಯ ಹಿಂದಿರುವ ಯೋಚನೆ. ಸತ್ತಿರುವ ಕೋಶಕ್ಕೆ ಯಾವ ಆಮ್ಲಜನಕವೂ ಜೀವ ಕೊಡುವುದಿಲ್ಲ. ಒದ್ದಾಡುತ್ತಿರುವುದನ್ನು ಉಳಿಸಬಹುದು. ದಿನ ಎಣಿಸುವುದು ಅದಕ್ಕೇ.

ಮೊದಲ ಮದ್ದು ಸ್ಟೀರಾಯ್ಡ್. ಇದನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಕೋಣೆಯ ವಿಷಯ ಕೇಳಿದವರು ಅದನ್ನೇ ಹಿಡಿದುಕೊಂಡು ಮಾತ್ರೆ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಸಾಮಾನ್ಯವಾಗಿ ಕೊಡುವುದು ಪ್ರೆಡ್ನಿಸೋನ್, ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಮ್, ದಿನಕ್ಕೆ ಹೆಚ್ಚೆಂದರೆ 60 ಮಿಲಿಗ್ರಾಮ್, ಒಂದೆರಡು ವಾರ, ಆಮೇಲೆ ನಿಧಾನವಾಗಿ ಇಳಿಸುತ್ತಾ ನಿಲ್ಲಿಸುತ್ತಾರೆ. ಎರಡು ವಾರದೊಳಗೆ ಶುರುವಾಗಬೇಕು. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಅಂಥವರಿಗೆ ತಮಟೆಯ ಮೂಲಕ ಸೂಜಿಯಲ್ಲಿ ನೇರವಾಗಿ ನಡುಗಿವಿಗೇ ಸ್ಟೀರಾಯ್ಡ್ ಕೊಡುವ ದಾರಿಯೂ ಇದೆ. ಮಾತ್ರೆಯಿಂದ ಪೂರ್ತಿ ಬರದಿದ್ದರೂ ಆ ಸೂಜಿ ಕೊಡುತ್ತಾರೆ. ನಾನು ಆರನೇ ದಿನವೇ ಮಾತ್ರೆ ಶುರು ಮಾಡಿದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕೂರುತ್ತಿದ್ದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತಿತ್ತು. ಮದ್ದಿನ ಗುಣ ಅದು, ಮನೆಯವರಿಗೆ ಮೊದಲೇ ಹೇಳಿಡಿ.

ಎಂಟನೇ ದಿನ ಕೋಣೆಗೆ ಹೋದೆ.

ನಾನು ಹೋದದ್ದು ಏಳೆಂಟು ಜನ ಒಟ್ಟಿಗೆ ಕೂರುವ ದೊಡ್ಡ ಉಕ್ಕಿನ ಕೋಣೆ. ಒಬ್ಬರೇ ಮಲಗುವ ಗಾಜಿನ ಕೊಳವೆಯಂಥದ್ದೂ ಇರುತ್ತದೆ. ಒಳಗೆ ಹೋಗುವ ಮೊದಲು ಫೋನ್, ವಾಚ್, ಲೈಟರ್ ಎಲ್ಲ ತೆಗೆಸಿದರು, ಹತ್ತಿ ಬಟ್ಟೆ ಕೊಟ್ಟರು, ತಲೆಗೆ ಎಣ್ಣೆ ಹಚ್ಚಿದ್ದೀರಾ, ಕ್ರೀಮ್ ಏನಾದರೂ ಹಚ್ಚಿದ್ದೀರಾ ಅಂತ ಮತ್ತೆ ಮತ್ತೆ ಕೇಳಿದರು. ಒತ್ತಡದ ಆಮ್ಲಜನಕದಲ್ಲಿ ಒಂದು ಕಿಡಿ ಬಿದ್ದರೆ ಏನಾಗುತ್ತದೆ ಅಂತ ಯೋಚಿಸಿದರೆ ಈ ವಿಚಾರಣೆ ಅತಿಯಾಯಿತು ಅಂತ ಅನ್ನಿಸುವುದಿಲ್ಲ. ಅದನ್ನು ಕೇಳದ ಕಡೆ ನೀವು ಒಳಗೆ ಹೋಗಬೇಡಿ.

ಬಾಗಿಲು ಮುಚ್ಚಿದ ಮೇಲೆ ಗಾಳಿ ನುಗ್ಗುವ ಸದ್ದು, ಸ್ವಲ್ಪ ಬಿಸಿ. ನೀರಿನೊಳಗೆ ಇಳಿಯುವ ಹಾಗೆಯೇ. ನನಗೆ ಕೊಟ್ಟದ್ದು 2.4 ವಾತಾವರಣದಷ್ಟು ಒತ್ತಡ, ಅಂದರೆ ಸಮುದ್ರದಲ್ಲಿ 14 ಮೀಟರ್ ಆಳಕ್ಕೆ ಹೋದಷ್ಟು. ಒಳಗೆ ಕೂತವರು ಅದನ್ನು "ಇಳಿಯೋದು" ಅಂತಲೇ ಕರೆಯುತ್ತಿದ್ದರು. ಮೊದಲ ದಿನ ಇಳಿಯುವಾಗ ಎರಡು ನಿಮಿಷಕ್ಕೇ ಎಡಗಿವಿಯಲ್ಲಿ ಯಾರೋ ಹೆಬ್ಬೆರಳಿಟ್ಟು ಒಳಕ್ಕೆ ಒತ್ತಿದ ಹಾಗೆ ನೋವು. ಸಹಿಸಿಕೊಳ್ಳೋಣ ಅಂತ ಹಲ್ಲು ಕಚ್ಚಿ ಕೂತಿದ್ದೆ. ಎದುರಿಗೆ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡ ಒಬ್ಬರು ಅಜ್ಜ ಕೂತಿದ್ದರು, ಸಕ್ಕರೆ ಕಾಯಿಲೆಯ ಹುಣ್ಣು, ಅವರದು ಆಗಲೇ ಇಪ್ಪತ್ತೋ ಇಪ್ಪತ್ತೈದೋ ಸಲ ಆಗಿತ್ತು. ನನ್ನ ಮುಖ ನೋಡಿ, "ಕೈ ಎತ್ತಪ್ಪ, ಅವರು ನಿಲ್ಲಿಸ್ತಾರೆ. ಸುಮ್ನೆ ತಡ್ಕೋಬೇಡ" ಅಂದರು. ಅವರು ಹೇಳಿದ್ದು ಪೂರ್ತಿ ಕೇಳಲಿಲ್ಲ, ಆದರೆ ಕೈ ಎತ್ತಿ ತೋರಿಸಿದ್ದು ಅರ್ಥವಾಯಿತು. ಕೈ ಎತ್ತಿದೆ. ಒತ್ತಡ ಅಲ್ಲೇ ನಿಂತಿತು, ಸ್ವಲ್ಪ ಕಡಿಮೆಯೂ ಆಯಿತು. ನೀರಿನ ಬಾಟಲಿ ಕೊಟ್ಟು, ಮೂಗು ಹಿಡಿದುಕೊಂಡು ಗುಟುಕು ಗುಟುಕಾಗಿ ನುಂಗು ಅಂತ ಅವರೇ ತೋರಿಸಿಕೊಟ್ಟರು. ಮೂರನೇ ಗುಟುಕಿಗೆ ಕಿವಿಯೊಳಗೆ ಟಪ್ ಅಂತ ಬಿಟ್ಟುಕೊಂಡಿತು, ನೋವು ಹೋಯಿತು.

ಈ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೊಂದರೆ ಇದೇ, ನಡುಗಿವಿಗೆ ಒತ್ತಡದ ಪೆಟ್ಟು. ಕಿವಿ ಉಳಿಸಿಕೊಳ್ಳಲು ಬಂದವರಿಗೇ ಕಿವಿಗೆ ಪೆಟ್ಟು ಬೀಳಬಾರದಲ್ಲ. ನೆಗಡಿ ಇದ್ದ ದಿನ ಹೇಳಿ. ಏನು ಮಾಡಿದರೂ ಕಿವಿ ಬಿಟ್ಟುಕೊಳ್ಳದವರಿಗೆ ತಮಟೆಯಲ್ಲಿ ಸಣ್ಣ ಕೊಳವೆ ಇಟ್ಟು ಚಿಕಿತ್ಸೆ ಮುಂದುವರಿಸುತ್ತಾರೆ.

ಆಳ ಮುಟ್ಟಿದ ಮೇಲೆ ಮಾಸ್ಕ್ ಹಾಕಿಕೊಂಡು ಶುದ್ಧ ಆಮ್ಲಜನಕ ಉಸಿರಾಡುವುದು, ನಡುನಡುವೆ ಐದು ನಿಮಿಷ ಮಾಸ್ಕ್ ತೆಗೆದು ಮಾಮೂಲಿ ಗಾಳಿ. ಆ ಬಿಡುವು ಯಾಕೆಂದರೆ ಆಮ್ಲಜನಕ ಅತಿಯಾದರೆ ಅಪರೂಪಕ್ಕೆ ಫಿಟ್ಸ್ ಬರುವುದುಂಟು. ಒಟ್ಟು 90 ನಿಮಿಷ. ಕೆಲವರಿಗೆ ಕೆಲವು ವಾರ ದೂರದ್ದು ಮಸುಕಾಗಿ ಕಾಣುತ್ತದೆ, ಆಮೇಲೆ ತಾನಾಗಿ ಸರಿಹೋಗುತ್ತದೆ. ಮುಚ್ಚಿದ ಜಾಗ ಅಂದರೆ ಹೆದರಿಕೆ ಇರುವವರು ಮುಂಚೆಯೇ ಹೇಳಬೇಕು. ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡು ಅದಕ್ಕೆ ಚಿಕಿತ್ಸೆ ಆಗದೇ ಇರುವವರು ಒಳಗೆ ಹೋಗಲೇಬಾರದು, ಪ್ರಾಣಕ್ಕೆ ಅಪಾಯ.

ಒತ್ತಡ ಯಾಕೆ ಬೇಕು, ಸುಮ್ನೆ ಮೂಗಿಗೆ ಆಮ್ಲಜನಕ ಹಾಕಿದರೆ ಸಾಲದೇ ಅಂತ ನಾನೂ ಕೇಳಿದ್ದೆ. ಸಾಲದು. ನಮ್ಮ ಆಮ್ಲಜನಕವನ್ನು ಹೊರುವುದು ಕೆಂಪು ರಕ್ತಕಣಗಳು. ಅವು ಮಾಮೂಲಿ ಗಾಳಿಯಲ್ಲೇ ಹೆಚ್ಚುಕಡಿಮೆ ತುಂಬಿರುತ್ತವೆ, ಇನ್ನು ಹೇರಲು ಜಾಗವಿಲ್ಲ. ಆದರೆ ರಕ್ತದ ದ್ರವ ಇದೆಯಲ್ಲ, ಪ್ಲಾಸ್ಮಾ, ಅದರಲ್ಲಿ ಕರಗಿಸಬಹುದು. ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಅನಿಲ ಜಾಸ್ತಿ ಕರಗುತ್ತದೆ, ವಿಲಿಯಂ ಹೆನ್ರಿ 1803ರಲ್ಲೇ ಹೇಳಿದ ನಿಯಮ ಅದು. ಸೋಡಾ ಬಾಟಲಿಯಲ್ಲಿ ಆಗಿರುವುದೂ ಅದೇ. ಮಾಮೂಲಿ ಗಾಳಿಯಲ್ಲಿ 100 ಮಿಲಿಲೀಟರ್ ರಕ್ತದಲ್ಲಿ ಹೀಗೆ ಕರಗಿರುವ ಆಮ್ಲಜನಕ ಸುಮಾರು 0.3 ಮಿಲಿಲೀಟರ್ ಮಾತ್ರ. 3 ವಾತಾವರಣದ ಒತ್ತಡದಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಅದು ಸುಮಾರು 6ಕ್ಕೆ ಏರುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ಸರ್ಜನ್ ಈಟೆ ಬೂರೆಮಾ 1960ರಲ್ಲಿ ಇದನ್ನು ಹಂದಿಗಳ ಮೇಲೆ ತೋರಿಸಿದ್ದರು. ಕೆಂಪು ಕಣಗಳನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದು ಬರೀ ದ್ರವ ತುಂಬಿಸಿದರೂ ಒತ್ತಡದ ಕೋಣೆಯಲ್ಲಿ ಅವು ಬದುಕಿದ್ದವು. ಹೀಗೆ ಕರಗಿದ ಆಮ್ಲಜನಕ ರಕ್ತ ಸರಿಯಾಗಿ ಹರಿಯದ ಕಡೆಗೂ ಜಿನುಗಿಕೊಂಡು ಹೋಗುತ್ತದೆ, ಒಳಕಿವಿಯ ದ್ರವಕ್ಕೂ ಮುಟ್ಟುತ್ತದೆ. ನಮಗೆ ಬೇಕಾದದ್ದು ಅದೇ.

ಹಾಗಾದರೆ ಇದು ಕೆಲಸ ಮಾಡುತ್ತದಾ? ಇಲ್ಲಿ ನಾನು ಜಾಸ್ತಿ ಹೇಳಿಬಿಟ್ಟರೆ ತಪ್ಪಾಗುತ್ತದೆ. ಏನೂ ಮಾಡದೆ ಇದ್ದರೂ 32ರಿಂದ 65 ಪ್ರತಿಶತ ಜನರಿಗೆ ಸ್ವಲ್ಪವೋ ಪೂರ್ತಿಯೋ ತಾನಾಗಿ ವಾಪಸ್ ಬರುತ್ತದೆ ಅನ್ನುವ ಅಂದಾಜು ಇದೆ. ಹಾಗಾಗಿ ಒಬ್ಬರಿಗೆ ಬಂತು ಅಂದರೆ ಅದು ಕೋಣೆಯಿಂದಲೇ ಬಂತು ಅನ್ನಲು ಆಗುವುದಿಲ್ಲ. ಎರಡು ಗುಂಪು ಮಾಡಿ ಹೋಲಿಸಿದ ಅಧ್ಯಯನಗಳು ಬೇಕು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2012ರ ವಿಮರ್ಶೆ 7 ಪ್ರಯೋಗಗಳ, 392 ಜನರ ಲೆಕ್ಕ ತೆಗೆದು, ಹೊಸದಾಗಿ ಕಿವಿ ಹೋದವರಲ್ಲಿ ಕೇಳುವಿಕೆ ಸುಧಾರಿಸುತ್ತದೆ, ಆದರೆ ದಿನನಿತ್ಯದ ಬದುಕಿಗೆ ಅದರಿಂದ ಎಷ್ಟು ಉಪಯೋಗ ಅನ್ನುವುದು ಸ್ಪಷ್ಟವಿಲ್ಲ ಅಂದಿತು. ಹಳೆಯ ಕಿವುಡಿಗೆ, ಹಳೆಯ ಗುಂಯ್ ಸದ್ದಿಗೆ ಉಪಯೋಗ ಕಾಣಲಿಲ್ಲ. ಈ ಚಿಕಿತ್ಸೆಯ ಅಮೆರಿಕದ ವೈದ್ಯ ಸಂಘ 2011ರಲ್ಲಿ ಹಠಾತ್ ಶ್ರವಣ ನಷ್ಟವನ್ನು ಈ ಚಿಕಿತ್ಸೆ ಕೊಡಬಹುದಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು, ಯುರೋಪಿನ ತಜ್ಞರು 2016ರಲ್ಲಿ ಫ್ರಾನ್ಸಿನ ಲಿಲ್ ನಗರದಲ್ಲಿ ಸೇರಿ ಬಲವಾಗಿಯೇ ಶಿಫಾರಸು ಮಾಡಿದರು. ಅಮೆರಿಕದ ಇಎನ್‌ಟಿ ಡಾಕ್ಟರ್‌ಗಳ 2019ರ ಮಾರ್ಗಸೂಚಿ ಸ್ವಲ್ಪ ತಡೆದು ಮಾತಾಡುತ್ತದೆ. ಕಿವಿ ಹೋದ ಎರಡು ವಾರದೊಳಗೆ ಸ್ಟೀರಾಯ್ಡ್ ಜೊತೆಗೆ ಕೊಡಬಹುದು, ಮೊದಲ ಚಿಕಿತ್ಸೆ ಫಲಿಸದಿದ್ದರೆ ಒಂದು ತಿಂಗಳೊಳಗೆ ಸ್ಟೀರಾಯ್ಡ್ ಜೊತೆಗೇ ಕೊಡಬಹುದು. ಎರಡು ಕಡೆಯೂ "ಕೊಡಬಹುದು" ಅಂತಲೇ, "ಕೊಡಲೇಬೇಕು" ಅಂತಲ್ಲ. ನನ್ನ ಅಭಿಪ್ರಾಯ ಕೇಳಿದರೆ, ನಷ್ಟ ದೊಡ್ಡದಿದ್ದು, ದಿನ ಇನ್ನೂ ಎರಡು ವಾರದೊಳಗಿದ್ದು, ಕೋಣೆ ಕೈಗೆಟುಕುವ ಹಾಗಿದ್ದರೆ ಡಾಕ್ಟರ್ ಜೊತೆ ಮಾತಾಡಿ ಹೋಗಿ. ದಿನ ಮೀರಿ ತಿಂಗಳುಗಳಾಗಿದ್ದರೆ ಯಾರು ಎಷ್ಟೇ ಭರವಸೆ ಕೊಟ್ಟರೂ ದುಡ್ಡು ಕಟ್ಟಬೇಡಿ.

ಇನ್ನೊಂದು ಮಾತು. ಗಾಳಿ ತುಂಬಿಸುವ ಮೆತ್ತನೆಯ ಚೀಲದಂಥ ಕೋಣೆಗಳನ್ನು ಇದೇ ಹೆಸರಿನಲ್ಲಿ ತೋರಿಸುತ್ತಾರೆ. ಅವುಗಳ ಒತ್ತಡ ಸಾಮಾನ್ಯವಾಗಿ 1.3 ವಾತಾವರಣದಷ್ಟು. ಕಿವಿಗೆ ಮಾಡಿದ ಅಧ್ಯಯನಗಳೆಲ್ಲ ಹೆಚ್ಚಾಗಿ 2ರಿಂದ 2.5ರವರೆಗಿನ ಒತ್ತಡದಲ್ಲಿ ಆದವು. ಎರಡೂ ಒಂದೇ ಅಲ್ಲ. ಎಷ್ಟು ಒತ್ತಡ, ಎಷ್ಟು ನಿಮಿಷ, ಒಳಗೆ ತೊಂದರೆಯಾದರೆ ನೋಡುವ ಡಾಕ್ಟರ್ ಇದ್ದಾರಾ ಅಂತ ನೇರವಾಗಿ ಕೇಳಿ.

ನನಗೆ 20 ಸಲ ಆಯಿತು. ಆರನೆಯದೋ ಏಳನೆಯದೋ ಮುಗಿಸಿ ಬಂದ ಸಂಜೆ ನಲ್ಲಿ ತಿರುಗಿಸಿದಾಗ ಎಡಗಡೆ ಏನೋ ಸಿರ್ ಅಂದಿತು. ಬಲಗಿವಿ ಮುಚ್ಚಿಕೊಂಡೆ. ನೀರಿನ ಸದ್ದೇ, ಆದರೆ ಒಡಕು ಸ್ಪೀಕರಿನಲ್ಲಿ ಬಂದ ಹಾಗೆ. ನಲ್ಲಿ ನಿಲ್ಲಿಸಿದೆ, ಸದ್ದು ನಿಂತಿತು. ತಿರುಗಿಸಿದೆ, ಬಂತು. ಅಲ್ಲೇ ನಿಂತು ಅತ್ತೆ.

ಹತ್ತನೆಯದರ ಹೊತ್ತಿಗೆ ಸರಾಸರಿ 60 ಡೆಸಿಬೆಲ್, ಇಪ್ಪತ್ತು ಮುಗಿದಾಗ 45, ಆರು ತಿಂಗಳ ನಂತರದ ಪರೀಕ್ಷೆಯಲ್ಲಿ 40. ಕೆಳಗಿನ ಸ್ವರಗಳು ಚೆನ್ನಾಗಿ ವಾಪಸ್ ಬಂದವು. ಮೇಲಿನವು ಬರಲಿಲ್ಲ, 4000 ಹರ್ಟ್ಸ್‌ನಲ್ಲಿ ಇನ್ನೂ 65ರಲ್ಲೇ ಇದೆ. ಹಾಗಾಗಿ ಸ, ಶ, ತ, ಫ ಇಂಥ ಅಕ್ಷರಗಳು ಆ ಕಿವಿಯಲ್ಲಿ ಕಲಸಿಹೋಗುತ್ತವೆ. ಗುಂಯ್ ಅನ್ನುವುದು ಕಡಿಮೆಯಾಗಿದೆ, ಹೋಗಿಲ್ಲ. ಯಾರಾದರೂ ಹಿಂದಿನಿಂದ ಕರೆದರೆ ಯಾವ ಕಡೆ ತಿರುಗಬೇಕು ಅಂತ ಒಂದು ಕ್ಷಣ ಗೊತ್ತಾಗುವುದಿಲ್ಲ, ಎರಡು ಕಿವಿ ಸಮನಾಗಿ ಕೇಳಿದರೆ ತಾನೇ ದಿಕ್ಕು ತಿಳಿಯೋದು. ಗದ್ದಲದಲ್ಲಿ ಶ್ರವಣ ಸಾಧನ ಹಾಕಿಕೊಳ್ಳುತ್ತೇನೆ. ಬಂದ ಅಷ್ಟೂ ಮಾತ್ರೆಯಿಂದ ಬಂತೋ, ಕೋಣೆಯಿಂದ ಬಂತೋ, ತಾನಾಗಿಯೇ ಬಂತೋ, ಬಿಡಿಸಿ ಹೇಳುವ ಪರೀಕ್ಷೆ ಇಲ್ಲ. ಆ ಮೊದಲ ಐದು ದಿನ ಕಳೆಯದೇ ಇದ್ದಿದ್ದರೆ 4000ದ ಚುಕ್ಕೆ ಎಲ್ಲಿರುತ್ತಿತ್ತು ಅಂತ ಆ ಹಾಳೆ ನೋಡಿದಾಗಲೆಲ್ಲ ಯೋಚನೆ ಬರುತ್ತದೆ.

ನಿಮಗೋ ಮನೆಯಲ್ಲಿ ಯಾರಿಗೋ ಬೆಳಿಗ್ಗೆ ಎದ್ದಾಗ ಒಂದು ಕಿವಿ ಕಟ್ಟಿದ ಹಾಗಿದ್ದರೆ ಗುನುಗಿ ನೋಡಿ. ಒಳ್ಳೆಯ ಕಿವಿಗೆ ಸದ್ದು ಹೋದರೆ, ಅಥವಾ ಅನುಮಾನ ಬಂದರೂ ಸರಿ, ಅವತ್ತೇ ಇಎನ್‌ಟಿ ಹತ್ತಿರ ಹೋಗಿ "ನನಗೆ ಆಡಿಯೋಗ್ರಾಮ್ ಬೇಕು, ಇದು ಇಂಥ ದಿನ ಶುರುವಾಯಿತು" ಅಂತ ದಿನಾಂಕ ಸಮೇತ ಹೇಳಿ. ಜೊತೆಗೆ ಮುಖ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಇಎನ್‌ಟಿ ಬೇಡ, ನೇರ ತುರ್ತು ಚಿಕಿತ್ಸೆಗೆ ಹೋಗಿ, ಅದು ಪಾರ್ಶ್ವವಾಯು ಇರಬಹುದು.

ಈಗಲೂ ಅಕ್ಕನ ಫೋನ್ ಬಂದರೆ ಬೇಕೆಂತಲೇ ಎಡಗಿವಿಗೆ ಹಿಡಿಯುತ್ತೇನೆ. ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತದೆ, ನಾಲ್ಕು ಮಾತಿನಲ್ಲಿ ಒಂದು ತಪ್ಪಿಹೋಗುತ್ತದೆ. ಅವಳು "ಎಡಕ್ಕೆ ಹಿಡಿದಿದ್ದೀಯ?" ಅಂತ ಕೇಳುತ್ತಾಳೆ. ಹ್ಞೂಂ ಅಂದರೆ ಸ್ವಲ್ಪ ನಿಧಾನವಾಗಿ ಮಾತಾಡುತ್ತಾಳೆ.